ಅಜ್ಜನ ಕಿವಿಗೆ ಎದೆಯ ಮಾತು

ಸಂಕಣ್ಣಜ್ಜನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆದರೂ ಸುತ್ತಲಿನ ಊರುಗಳ ಜನ ತಮ್ಮ ಕಷ್ಟವನ್ನೆಲ್ಲ ಅವರ ಹತ್ತಿರವೇ ಹೇಳಿಕೊಳ್ಳಲು ಬರುತ್ತಿದ್ದರು. ಕಿವಿ ಸರಿ ಇದ್ದವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರ ಹತ್ತಿರ ಯಾರೂ ಹೋಗುತ್ತಿರಲಿಲ್ಲ.

ಅಜ್ಜನ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಒಂದು ಪಡಸಾಲೆ, ಒಂದು ಅಡುಗೆಮನೆ, ಮುಂದೆ ಒಂದು ಬೇವಿನ ಮರ.

ಅಜ್ಜನ ಎಡಗಿವಿಯಲ್ಲಿ ಮಾತ್ರ ಅಷ್ಟಿಷ್ಟು ಜೀವ ಉಳಿದಿತ್ತು. ಹತ್ತಿರ ಬಾಯಿಟ್ಟು ದೊಡ್ಡ ದನಿಯಲ್ಲಿ ಹೇಳಿದರೆ ಕೇಳಿಸುತ್ತಿತ್ತು. ಅದಕ್ಕೆಂದೇ ಒಬ್ಬ ಶಿಷ್ಯನನ್ನು ಎಡಕ್ಕೆ ಕೂರಿಸಿಕೊಳ್ಳುತ್ತಿದ್ದರು. ಬಂದವರು ಎದುರಿಗೆ ಕೂತು ಹೇಳುವುದು, ಶಿಷ್ಯ ಅದನ್ನು ಕಿವಿಗೆ ಮುಟ್ಟಿಸುವುದು.

ಶಿಷ್ಯ ಮಾತಾಡುವಾಗ ಅಜ್ಜ ತಮ್ಮ ಅಂಗೈಯನ್ನು ಅವನ ಎದೆಯ ಮೇಲೆ ಇಟ್ಟುಕೊಂಡಿರುತ್ತಿದ್ದರು. ಕಿವಿಗೆ ತಪ್ಪಿದ್ದು ಕೈಗೆ ಸಿಗುತ್ತದೆ ಎನ್ನುತ್ತಿದ್ದರು.

ಆ ಕೆಲಸಕ್ಕೆ ಇದ್ದದ್ದು ಒಂದೇ ಕಟ್ಟಳೆ. ಬಂದವರು ಹೇಗೆ ಹೇಳಿದರೋ ಹಾಗೆಯೇ ಹೇಳಬೇಕು. ಅವರು ‘ನಾನು’ ಅಂದರೆ ಶಿಷ್ಯನೂ ‘ನಾನು’ ಅನ್ನಬೇಕು. ‘ಅವರಿಗೆ ಹೀಗಂತೆ, ಹಾಗಂತೆ’ ಎಂದು ಊರ ಸುದ್ದಿಯ ಹಾಗೆ ಹೇಳುವಂತಿಲ್ಲ.

ಈಗ ಆ ಜಾಗದಲ್ಲಿ ಕೂರುತ್ತಿದ್ದವನು ಮುರಿಗೆಪ್ಪ.

ಹೈಸ್ಕೂಲಿನ ಇಂಗ್ಲಿಷ್ ಮಾಸ್ತರಿಕೆ ಬಿಟ್ಟು ಬಂದವನು. ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಕೂತಲ್ಲಿ ಕೂರುವ ಜೀವವಲ್ಲ. ಧ್ಯಾನಕ್ಕೆ ಕೂತರೂ ಕಾಲಿನ ಹೆಬ್ಬೆರಳು ಒಂದೇ ಸಮ ಅಲ್ಲಾಡುತ್ತಿತ್ತು.

ಆಶ್ರಮಕ್ಕೆ ಕಾಲಿಟ್ಟ ವರ್ಷವೇ ಅವನು ಕಾವಿ ಕೇಳಿದ್ದ.

ಕಾವಿ ತೊಟ್ಟವನು ಮನೆಯವರ ಪಾಲಿಗೆ ತೀರಿಕೊಂಡಂತೆ. ಆದ್ದರಿಂದ ಮನೆಯವರು ಒಪ್ಪದೆ ಅಜ್ಜ ಯಾರಿಗೂ ಕಾವಿ ಕೊಟ್ಟವರಲ್ಲ.

“ಮನ್ಯಾಗ ಹೇಳಿ ಬಂದೀಯೇನು?” ಎಂದು ಕೇಳಿದ್ದರು.

“ಹೇಳಾಕ ನನಗ ಯಾರೂ ಇಲ್ರಿ,” ಎಂದಿದ್ದ ಮುರಿಗೆಪ್ಪ.

ಅಜ್ಜನ ಕೈ ಆಗಲೂ ಅವನ ಎದೆಯ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದು ಆಮೇಲೆ ತೆಗೆದರು. ನೋಡೋಣ ಎಂದರು. ಆ ನೋಡೋಣ ಎಷ್ಟೋ ಮಳೆಗಾಲ ದಾಟಿ ಬಂತು. ಕಾಡಿ ಬೇಡಿ ಸಾಕಾದ ಮೇಲೆ, ಬರುವ ಸೋಮವಾರ ಕೊಡುವುದೆಂದು ಈಗ ನಿಶ್ಚಯವಾಗಿತ್ತು.

ಸೋಮವಾರ ಹತ್ತಿರ ಬಂದಷ್ಟೂ ಮುರಿಗೆಪ್ಪನ ಚಡಪಡಿಕೆ ಹೆಚ್ಚಾಯಿತು. ಇದು ಸಂತೋಷಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಸಂತೋಷದಲ್ಲಿರುವವನು ಒಗೆದ ಪಂಚೆಯನ್ನೇ ಮತ್ತೆ ಹೊಳೆಗೆ ಒಯ್ದು ಒಗೆಯುವುದಿಲ್ಲ.

ಬಂದವರ ಮಾತು ಕೇಳುವ ತಾಳ್ಮೆಯೂ ಅವನಲ್ಲಿ ಉಳಿದಿರಲಿಲ್ಲ. ಎಲ್ಲರೂ ಎದೆ, ಎದೆ ಎನ್ನುವವರೇ. ಓರಗಿತ್ತಿಗೆ ಹೊಸ ಮನೆ ಆಯಿತೆಂದು ಒಬ್ಬಳ ಎದೆ ಉರಿಯುತ್ತಿತ್ತು. ತಮ್ಮನ ಮಕ್ಕಳು ಕೈ ಮಾಡಿದರೆಂದು ಒಬ್ಬನ ಎದೆ ಒಡೆದಿತ್ತು. ಮಗಳನ್ನು ನೋಡಲು ಬಂದ ಗಂಡಿನವರು ಏನನ್ನುತ್ತಾರೋ ಎಂದು ಒಬ್ಬ ತಾಯಿಯ ಎದೆ ಡವಡವ ಅನ್ನುತ್ತಿತ್ತು.

ಮುರಿಗೆಪ್ಪ ಇದನ್ನೆಲ್ಲ ಚಿಕ್ಕದು ಮಾಡತೊಡಗಿದ. ಮೊದಲನೆಯದನ್ನು ಹೊಟ್ಟೆಕಿಚ್ಚಂತೆ ಎಂದ. ಎರಡನೆಯದನ್ನು ಬೇಸರವಂತೆ ಎಂದ. ಮೂರನೆಯದನ್ನು ಅಂಜಿಕೆಯಂತೆ ಎಂದ. ಕಟ್ಟಳೆ ಮುರಿಯಿತೆಂದು ಅವನಿಗೆ ಅನ್ನಿಸಲೇ ಇಲ್ಲ. ಹೇಳಿದ್ದರ ಅರ್ಥ ಹೇಳಿದೆನಲ್ಲ, ಮತ್ತೇನು ಬೇಕು ಎಂದುಕೊಂಡ.

ಆ ದಿನ ಬೆಳಿಗ್ಗೆ ಆಚೆ ದಂಡೆಯಿಂದ ಒಬ್ಬ ನೇಕಾರ ಬಂದ. ಮುದುಕ. ನಿಧಾನವಾಗಿ, ನಡುನಡುವೆ ನಿಲ್ಲಿಸಿ ನಿಲ್ಲಿಸಿ ಏನೇನೋ ಹೇಳಿದ. ಅವನು ಮುಗಿಸುವುದನ್ನೇ ಕಾದಿದ್ದು ಮುರಿಗೆಪ್ಪ ಅಜ್ಜನ ಕಿವಿಗೆ ಒಂದೇ ಮಾತು ಹಾಕಿದ.

“ದುಃಖವಂತ್ರಿ.”

ದುಃಖ ಎಲ್ಲರ ಮನೆಯಲ್ಲೂ ಇದ್ದದ್ದೇ, ಧೈರ್ಯ ತಂದುಕೋ, ಹೋಗಿ ಬಾ ಎಂದರು ಅಜ್ಜ. ನೇಕಾರ ಒಂದು ಗಳಿಗೆ ಅವರ ಮುಖ ನೋಡಿದ. ಇನ್ನೂ ಏನೋ ಬರುತ್ತದೆ ಎಂದು ಕಾದವನ ಹಾಗೆ ಕೂತಿದ್ದ. ಆಮೇಲೆ ಕೈಮುಗಿದು, ಊಟಕ್ಕೂ ನಿಲ್ಲದೆ ಎದ್ದು ಹೋದ.

ಪಡಸಾಲೆ ಖಾಲಿಯಾಯಿತು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. ಒಂದು ಮಾತು ಕೇಳಲೇ ಎಂದ. ಅಜ್ಜ ತಲೆಯಾಡಿಸಿದರು.

ಅವನು ಮಾಸ್ತರನ ಗತ್ತಿನಲ್ಲೇ ಶುರುಮಾಡಿದ. ಇಂಗ್ಲಿಷಿನಲ್ಲಿ ಹಾರ್ಟ್ ಎಂಬುದೊಂದು ಮಾತಿದೆ. ಪ್ರೀತಿಗೂ ಅದೇ, ಧೈರ್ಯಕ್ಕೂ ಅದೇ. ಊರಿನ ನಟ್ಟನಡುವಿಗೂ ಅದೇ, ಇಸ್ಪೀಟಿನ ಕೆಂಪು ಎಲೆಗೂ ಅದೇ. ನಾವು ಬಾಯಿಪಾಠ ಅನ್ನುತ್ತೇವಲ್ಲ, ಅವರು ಅದನ್ನೂ ಹಾರ್ಟಿನಿಂದಲೇ ಕಲಿಯುತ್ತಾರೆ. ಆ ಒಂದು ಮಾತನ್ನು ಕನ್ನಡಕ್ಕೆ ತರಬೇಕಾದರೆ ಎದೆ, ಮನಸ್ಸು, ಕರುಳು, ಜೀವ ಎಂದು ಮೈತುಂಬ ಓಡಾಡಬೇಕು. ವರ್ಷಗಟ್ಟಲೆ ಹುಡುಗರಿಗೆ ಇದನ್ನೇ ಹೇಳಿಕೊಟ್ಟೆ. ಇಲ್ಲಿ ಬಂದರೆ ಇಲ್ಲಿಯೂ ಅದೇ ಗೋಳು. ಒಬ್ಬರದು ಉರಿಯುತ್ತದೆ, ಒಬ್ಬರದು ಒಡೆಯುತ್ತದೆ, ಒಬ್ಬರದು ಕಲ್ಲಾಗುತ್ತದೆ.

“ಇಷ್ಟರಾಗ ಖರೇ ಎದಿ ಯಾವುದ್ರಿ ಅಜ್ಜಾರ?”



“ಈಗ ಹೋದ ನೇಕಾರ ಏನಂದ?” ಎಂದು ಅಜ್ಜ ಕೇಳಿದರು.

“ದುಃಖ ಅಂದ್ರಿ.”

“ದುಃಖ ಅಂತ ಅಂದಾಂವ ನೀನು. ಅಂವ ಏನಂದ?”

ಮುರಿಗೆಪ್ಪ ನೆನಪು ಮಾಡಿಕೊಂಡ. ಮರೆತಿರಲಿಲ್ಲ, ಅವನ ಜ್ಞಾಪಕಶಕ್ತಿ ಚೆನ್ನಾಗಿಯೇ ಇತ್ತು.

“ಮಗ್ಗ ಮಾರಿದ ಮ್ಯಾಲೆ ನನ್ನ ಎದ್ಯಾಗ ಸಪ್ಪಳ ಇಲ್ರಿ ಅಂದ. ನಿದ್ದ್ಯಾಗ ಸುದ್ದಾ ಕೈ ಲಾಳಿ ಒಗೀತಾವು, ಬಟ್ಟಿ ಮಾತ್ರ ಬೆಳ್ಯೂದಿಲ್ಲ ಅಂದ.”

ಅಜ್ಜ ಕಣ್ಣು ಮುಚ್ಚಿಕೊಂಡರು. ಅವರ ಮುಖ ಸಣ್ಣದಾಯಿತು.

“ಹಂಗಂದಾನೇನು. ನಾನು ಅಂವಗ ಬ್ಯಾರೇನ ಹೇಳ್ತಿದ್ದೆ. ಹೋಗು, ಕರಕೊಂಡು ಬಾ.”

ಮುರಿಗೆಪ್ಪ ಓಡಿದ. ದೋಣಿ ಆಗಲೇ ನಡುಹೊಳೆ ದಾಟಿತ್ತು. ಕೈಬೀಸಿ ಕೂಗಿದ. ಗಾಳಿ ಇತ್ತಲೇ ಬೀಸುತ್ತಿತ್ತು. ನೇಕಾರ ಬೆನ್ನು ಮಾಡಿ ಕೂತಿದ್ದ, ತಿರುಗಲಿಲ್ಲ. ಅವನ ಹೆಸರೇನು, ಯಾವ ಊರು ಎಂಬುದನ್ನೂ ಮುರಿಗೆಪ್ಪ ಕೇಳಿರಲಿಲ್ಲ.

ಏದುಸಿರು ಬಿಡುತ್ತ ಬಂದವನನ್ನು ಅಜ್ಜ ಕೇಳಿದರು.

“ಸಿಕ್ಕನೇನು?”

“ಇಲ್ರಿ. ದಾಟಿ ಹೋದ.”

“ಖರೇ ಎದಿ ಯಾವುದು ಅಂತ ಕೇಳಿದೆಲ್ಲ,” ಎಂದರು ಅಜ್ಜ. “ಅದ ದಾಟಿ ಹೋತು ನೋಡು.”

ಅದಾದ ಮೇಲೆ ಮುರಿಗೆಪ್ಪನಿಗೆ ಊಟ ಸೇರಲಿಲ್ಲ. ಅಜ್ಜ ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. ಸೋಮವಾರದ ಮಾತನ್ನೂ ಹಿಂತೆಗೆದುಕೊಳ್ಳಲಿಲ್ಲ. ಸಂಜೆಯೆಲ್ಲ ಅವನು ಹೊಳೆಯ ದಂಡೆಯಲ್ಲಿ ಮೇಲಕ್ಕೂ ಕೆಳಕ್ಕೂ ಅಡ್ಡಾಡಿದ. ಕಾವಿ ತೊಟ್ಟ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಗಟ್ಟಿಯಾಗಿಯೇ ಅಂದುಕೊಂಡ. ಏನು ಸರಿಹೋಗಬೇಕು ಎಂದು ಯಾರಾದರೂ ಕೇಳಿದ್ದರೆ ಸಿಟ್ಟಿಗೇಳುತ್ತಿದ್ದ.

ಮರುದಿನ ಜನ ಹೆಚ್ಚು. ಹಿರಿಯರ ಹಬ್ಬ ಹತ್ತಿರ ಬಂದಿತ್ತು. ತೀರಿಕೊಂಡವರ ಹೆಸರಿನಲ್ಲಿ ಮನೆಮನೆಯಲ್ಲೂ ಎಡೆ ಇಡುವ ಹಬ್ಬ ಅದು. ಯಾರಿಗೆ ಹೇಗೆ ಇಡಬೇಕು ಎಂದು ಅಜ್ಜನನ್ನು ಕೇಳಿ ಹೋಗುವವರು ಬೇವಿನ ಮರದ ಕೆಳಗೆ ಕೂತಿದ್ದರು.

ಅವರೊಳಗಿಂದ ಒಬ್ಬ ಹೆಂಗಸು ಎದ್ದು ಪಡಸಾಲೆಯ ಮೆಟ್ಟಿಲು ಹತ್ತಿದಳು. ಸೆರಗು ಸರಿಮಾಡಿಕೊಳ್ಳುತ್ತ ತಲೆ ಎತ್ತಿದಳು. ಸೆರಗಿನ ಮೇಲಿನ ಕೈ ಅಲ್ಲೇ ನಿಂತಿತು.

ಮುರಿಗೆಪ್ಪನೂ ಅವಳನ್ನು ನೋಡಿದ. ಅವನ ಅಕ್ಕ, ನೀಲವ್ವ.

ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ, ಆದರೂ ಅವಳಿಗೆ ಗುರುತು ಸಿಕ್ಕಿತೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಈಗ ಕೂಗುತ್ತಾಳೆ, ಈಗ ಬಂದು ಕೈ ಹಿಡಿಯುತ್ತಾಳೆ ಎಂದು ಅವನು ಗಟ್ಟಿಯಾಗಿ ಕೂತ. ಅವಳು ಕೂಗಲಿಲ್ಲ. ಬಂದು ಎದುರಿಗೆ ಕೂತು ಅಜ್ಜನಿಗೆ ಕೈಮುಗಿದಳು. ಅವನನ್ನು ಪಡಸಾಲೆಯ ಕಂಬವನ್ನು ನೋಡುವ ಹಾಗೆ ನೋಡಿದಳು.

ಎದ್ದುಹೋಗೋಣವೆಂದರೆ ಅಜ್ಜನ ಕೈ ಆಗಲೇ ಎದೆಯ ಮೇಲೆ ಬಂದಿತ್ತು.

“ಅಜ್ಜಾರ, ನನಗ ಒಬ್ಬ ತಮ್ಮ ಇದ್ದ,” ಎಂದಳು ನೀಲವ್ವ.

ಮುರಿಗೆಪ್ಪ ಅಜ್ಜನ ಕಿವಿಗೆ ಬಗ್ಗಿದ.

“ಈ ತಾಯಿಗೆ ಮನೀ ಚಿಂತಿ ಅಂತ್ರಿ.”

“ನಾ ಹಂಗ ಅನ್ಲಿಲ್ಲ,” ಎಂದಳು ನೀಲವ್ವ.

ಅಜ್ಜನಿಗೆ ಅವಳ ದನಿ ಕೇಳಿಸಲಿಲ್ಲ, ತುಟಿ ಅಲ್ಲಾಡಿದ್ದು ಕಂಡಿತು. ತಾಯಿ ಮತ್ತೇನೋ ಅಂದಳಲ್ಲ ಎಂದರು. ಮುರಿಗೆಪ್ಪ ಮತ್ತೆ ಕಿವಿಗೆ ಬಗ್ಗಿದ.

“ಹಂಗ ಅನ್ಲಿಲ್ಲ ಅಂತಾಳ್ರಿ.”

“ಅಂತಾಳ ಗಿಂತಾಳ ಬ್ಯಾಡ. ಆಕಿ ಹೆಂಗಂದಳೋ ಹಂಗ ಹೇಳು.”

“ನಾ ಹಂಗ ಅನ್ಲಿಲ್ಲ,” ಎಂದ ಮುರಿಗೆಪ್ಪ.

“ಮತ್ತ ಹೆಂಗಂದಿ?”

ಅಜ್ಜ ಕೇಳಿದ್ದು ಅವಳನ್ನೇ ಇರಬೇಕು. ಕಣ್ಣು ಮಾತ್ರ ಇವನ ಮೇಲಿತ್ತು.

“ನನಗ ಒಬ್ಬ ತಮ್ಮ ಇದ್ದ,” ಎಂದ ಮುರಿಗೆಪ್ಪ.

ಅಲ್ಲಿಂದ ಮುಂದೆ ಅವನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ನೀಲವ್ವ ಒಂದೊಂದೇ ಮಾತು ಹೇಳುತ್ತಿದ್ದಳು. ಅವನು ಅದನ್ನು ದೊಡ್ಡ ದನಿಯಲ್ಲಿ ಅಜ್ಜನ ಕಿವಿಗೆ ಹೇಳುವ ತನಕ ಸುಮ್ಮನೆ ಕಾಯುತ್ತಿದ್ದಳು. ಒಂದು ಶಬ್ದ ಬಿಟ್ಟರೂ, ಬಿಟ್ಟಿತು ಎಂದು ಎತ್ತಿ ಕೊಡುತ್ತಿದ್ದಳು.

ಅವ್ವ ಸತ್ತಾಗ ಅವನಿನ್ನೂ ತೊಟ್ಟಿಲ ಕೂಸು. ನಾನೇ ಸಣ್ಣವಳು, ನನ್ನ ಸೊಂಟದ ಮೇಲೆ ಅವನು. ನನ್ನ ಮದುವೆಯ ದಿನ ಸೆರಗು ಹಿಡಿದು ಬಿಡಲೇ ಇಲ್ಲ. ಗಂಡನ ಮನೆಯವರು ಹೆಣ್ಣಿನ ಜೊತೆಗೆ ಒಬ್ಬ ಹುಡುಗನನ್ನೂ ಕಟ್ಟಿ ಕಳಿಸಿದರು ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದು ಕರೆದುಕೊಂಡೇ ಹೋದೆ.

ಗಡ್ಡದ ಗಂಡಸೊಬ್ಬ ‘ನನ್ನ ಮದುವೆ, ನನ್ನ ಸೆರಗು’ ಎಂದು ಕೂಗಿ ಹೇಳುವುದನ್ನು ಕೇಳಿ ಬೇವಿನ ಮರದ ಕೆಳಗಿನ ಹೆಂಗಸರು ಮೊದಲಿಗೆ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು.

ಓದಿಸಿದೆ. ಮಾಸ್ತರನಾದ. ಅವನು ಸಾಲಿಯಿಂದ ಬರುವ ಸೈಕಲ್ ಗಂಟೆ ಓಣಿಯ ತುದಿಗೆ ಕೇಳಿದರೆ ಸಾಕು, ರೊಟ್ಟಿ ತಟ್ಟುತ್ತಿದ್ದವಳ ಎದೆ ತುಂಬುತ್ತಿತ್ತು.

ಇದನ್ನೂ ಮುರಿಗೆಪ್ಪ ಅಜ್ಜನ ಕಿವಿಗೆ ಹೇಳಿದ. ಆ ಓಣಿಯಲ್ಲಿ ಎಷ್ಟು ಸಲ ಬಂದಿದ್ದ. ಗಂಟೆ ಬಾರಿಸುತ್ತಿದ್ದದ್ದು ಕೋಳಿಗಳನ್ನು ಓಡಿಸಲು. ಒಳಗೆ ಒಬ್ಬಳ ಎದೆ ತುಂಬುತ್ತಿತ್ತೆಂಬುದು ಅವನಿಗೆ ಇವತ್ತೇ ಗೊತ್ತಾದದ್ದು, ಅದೂ ತನ್ನ ಬಾಯಿಂದಲೇ.

“ಒಂದಿನ ಹೋದಾಂವ ಬರ್ಲಿಲ್ಲ,” ಎಂದಳು ನೀಲವ್ವ. “ಹೊಳಿ ದಂಡ್ಯಾಗ ಸೈಕಲ್ ಸಿಕ್ತು.”

ಮುರಿಗೆಪ್ಪ ತಟ್ಟನೆ ಅವಳ ಮುಖ ನೋಡಿದ.

ಸೈಕಲ್ಲನ್ನು ದಂಡೆಯಲ್ಲಿ ಒರಗಿಸಿ ಅವನು ದೋಣಿ ಹತ್ತಿದ್ದು ನಿಜ. ಇನ್ನು ನನಗೇಕೆ, ಬೇಕಾದವರು ಒಯ್ಯಲಿ ಎಂದುಕೊಂಡಿದ್ದ. ಆಶ್ರಮದ ಬೇರೆ ಶಿಷ್ಯರಿಗೆ ಈ ಕತೆಯನ್ನು ಹೆಮ್ಮೆಯಿಂದ ಹೇಳಿಯೂ ಇದ್ದ. ಅವರು ತಲೆದೂಗಿದ್ದರು.

“ಹೇಳು,” ಎಂದರು ಅಜ್ಜ.

“ಹೊಳಿ ದಂಡ್ಯಾಗ ಸೈಕಲ್ ಸಿಕ್ತು,” ಎಂದ.

“ಬೆಸ್ತರನ್ನ ಕರೆಸಿ ಮಡುವಿನ್ಯಾಗ ಮೀನಿನ ಬಲಿ ಹಾಕ್ಸಿದೆ,” ಎಂದಳು ನೀಲವ್ವ. “ಬಲಿ ಮ್ಯಾಲೆ ಎಳದಾಗೊಮ್ಮೆ ನನ್ನ ಎದಿ ಝಲ್ ಅನ್ನೂದು. ಅಂವ ಇದರಾಗ ಇರಬಾರದು ಅನ್ನೂದು. ಇದ್ರ ಮಣ್ಣಾದ್ರೂ ಮಾಡಬಹುದು ಅನ್ನೂದು. ಎರಡೂ ಒಂದ ಎದಿ ಅಂತಿತ್ರಿ.”

ಮುರಿಗೆಪ್ಪ ಬಗ್ಗಿದ. ಬಾಯಿ ತೆರೆದ. ಮಾತು ಹೊರಡಲಿಲ್ಲ.

ನೀಲವ್ವ ಕಾದಳು. ಅಜ್ಜ ಕಾದರು. ಮರದ ಕೆಳಗೆ ಕೂತವರೂ ಕಾದರು.

ಕೊನೆಗೆ ಹೇಳಿದ. ಬಲಿ ಹಾಕ್ಸಿದೆ ಎಂದ. ನನ್ನ ಎದಿ ಝಲ್ ಅನ್ನೂದು ಎಂದ. ಅಂವ ಇದರಾಗ ಇರಬಾರದು, ಇದ್ರ ಮಣ್ಣಾದ್ರೂ ಮಾಡಬಹುದು ಎಂದ. ಒಂದು ಶಬ್ದವನ್ನೂ ಬಿಡಲಿಲ್ಲ. ಚಿಕ್ಕದು ಮಾಡಲು ಅವನ ಹತ್ತಿರ ಈಗ ಯಾವ ಪದವೂ ಇರಲಿಲ್ಲ. ನಾಚಿಕೆಯಿಂದ ಅವನ ಕಿವಿಯ ಬುಡ ಸುಡುತ್ತಿತ್ತು. ಅಜ್ಜನ ಅಂಗೈಯ ಕೆಳಗೆ ಎದೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು.

“ಆಮ್ಯಾಲೆ ಏನಾತು ತಾಯಿ?” ಎಂದರು ಅಜ್ಜ.

ಏನೂ ಆಗಲಿಲ್ಲ ಎಂದಳು ನೀಲವ್ವ. ಹೆಣ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಎದೆ ಒಡೆಯುತ್ತದೆ ಅಂದುಕೊಂಡೆ, ಒಡೆಯಲಿಲ್ಲ. ಕಲ್ಲು ಮಾಡಿಕೋ ಅಂದರು, ಅದೂ ಆಗಲಿಲ್ಲ. ಇವತ್ತಿಗೂ ಬಾಗಿಲು ಸಪ್ಪಳವಾದರೆ ಮೈ ಕೂತಲ್ಲೇ ಇರುತ್ತದೆ, ಎದೆ ಎದ್ದುಹೋಗಿ ಬಾಗಿಲು ತೆಗೆಯುತ್ತದೆ.

ಮುರಿಗೆಪ್ಪ ಅದನ್ನೂ ಹೇಳಿದ.

ನೀಲವ್ವ ಈಗ ಮೊದಲ ಸಲ ಅಜ್ಜನನ್ನು ಬಿಟ್ಟು ಅವನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

“ಹಿರೇರ ಹಬ್ಬ ಬಂತು,” ಎಂದಳು. “ಇಷ್ಟು ವರ್ಷಾತು, ಅಂವ ಸತ್ತಂಗ, ಅಂವನ ಹೆಸರ್ಲೆ ಎಡಿ ಇಡು ಅಂತಾರ ಮನ್ಯಾಗ. ನನ್ನ ಕೈ ಒಲ್ಲೆ ಅಂತೈತಿ. ನೀವು ತಿಳಿದವರು, ಹೇಳ್ರಿ. ಇಡ್ಲೋ, ಬ್ಯಾಡೋ?”

ಅವಳು ಕೇಳಿದ್ದು ಅಜ್ಜನನ್ನಲ್ಲ. ಮುರಿಗೆಪ್ಪನಿಗೆ ಅದು ತಿಳಿಯಿತು.

ಸೋಮವಾರ ಕಾವಿ ತೊಟ್ಟರೆ ಅವಳು ಎಡೆ ಇಡಬೇಕಾದ್ದೇ. ತಾನೇ ವರ್ಷಗಳಿಂದ ಕಾಡಿ ಬೇಡಿದ್ದು ಅದನ್ನೇ ಅಲ್ಲವೇ. ಹಾಗೆ ಬೇಡುವಾಗ ಎಡೆಯ ಎಲೆ ಹಾಸುವ ಕೈ ಯಾರದೆಂದು ಅವನು ಯೋಚಿಸಿರಲಿಲ್ಲ. ಯಾರೂ ಇಲ್ಲ ಅಂದುಬಿಟ್ಟಿದ್ದ.

ಅವನು ಅಜ್ಜನ ಕಿವಿಗೆ ಬಗ್ಗಿದ. ಹಬ್ಬದ ಮಾತು ಹೇಳಿದ. ಮನೆಯವರು ಅಂದದ್ದನ್ನು ಹೇಳಿದ. ಕೈ ಒಲ್ಲೆ ಅನ್ನುವುದನ್ನು ಹೇಳಿದ. “ಇಡ್ಲೋ, ಬ್ಯಾಡೋ?” ಎಂದು ಕೇಳಿ ನಿಲ್ಲಿಸಿದ.

ಅಜ್ಜನ ಕೈ ಎದೆಯ ಮೇಲಿಂದ ಕದಲಲಿಲ್ಲ.

ಮುರಿಗೆಪ್ಪ ಕಿವಿಯ ಹತ್ತಿರದಿಂದ ಬಾಯಿ ತೆಗೆಯಲಿಲ್ಲ. ನೀಲವ್ವನ ಮಾತು ಮುಗಿದಿತ್ತು. ಆದರೂ ಅವನು ಮಾತಾಡತೊಡಗಿದ.

“ಅಜ್ಜಾರ, ಆ ತಮ್ಮ ನಾನ. ಯಾರೂ ಇಲ್ಲ ಅಂತ ನಿಮಗ ಸುಳ್ಳು ಹೇಳಿದ್ದೆ. ಕೇಳಿದ್ರ ಅಕ್ಕ ಬಿಡೂದಿಲ್ಲ ಅಂತ ಹೇಳದ ಬಂದೆ. ಸೈಕಲ್ ಕಂಡು ಹೊಳ್ಯಾಗ ಹುಡುಕ್ತಾಳ ಅನ್ನೂದು ನನಗ ಹೊಳೀಲೇ ಇಲ್ರಿ. ಕಾವಿ ಕೊಡ್ರಿ, ಬಿಡ್ರಿ, ನಾನಿನ್ನ ಕೇಳೂದಿಲ್ಲ. ಎಡಿ ಇಡಬ್ಯಾಡ, ಅಂವ ಜೀವಂತ ಅದಾನ ಅಂತ ಆಕಿಗೆ ಒಂದು ಮಾತು ಹೇಳ್ರಿ.”

ಕಿವಿ ಕೇಳದವರಿಗೆ ಹೇಳುವ ಮಾತು ಮೆಲ್ಲಗೆ ಹೇಳಲು ಬರುವುದಿಲ್ಲ. ಬೇವಿನ ಮರದ ಕೆಳಗಿನವರಿಗೆಲ್ಲ ಕೇಳಿಸಿತು. ನೀಲವ್ವ ಕೈಯಳತೆಯಲ್ಲಿ ಕೂತಿದ್ದಳು. ತಲೆ ತಗ್ಗಿಸಿಕೊಂಡು, ಇನ್ನೂ ಏನನ್ನೋ ಕಾಯುತ್ತ ಕೂತೇ ಇದ್ದಳು.

ಅಜ್ಜ ಅವನ ಎದೆಯ ಮೇಲಿನ ಕೈ ತೆಗೆದರು. ಅವನ ಭುಜ ಹಿಡಿದು ಮೆಲ್ಲಗೆ ಅವಳ ಕಡೆ ತಿರುಗಿಸಿದರು.

“ನನ್ನ ಕಿವಿ ಕೆಟ್ಟು ಯಾವ ಕಾಲ ಆತು,” ಎಂದರು. “ಅಕ್ಕನ ಕಿವಿ ಚೊಲೊ ಅದಾವಲ್ಲ, ಅಲ್ಲಿ ಹೇಳು.”